ಹೊಟ್ಟೆಯಲ್ಲಿ ಮಗು ಆಡುವುದು ಕಡಿಮೆಯಾಯಿತೆ? ಮುಂಬೈ, ಪುಣೆ, ಗೋವಾದ ಬಸುರಿಯರಿಗೆ ಸಮಗ್ರ ಮಾರ್ಗದರ್ಶಿ

ನಿಮಗೆ 28 ವಾರ ದಾಟಿದ್ದು, ಮಗು ಇವತ್ತು ಎಂದಿನಂತೆ ಆಡುತ್ತಿಲ್ಲ ಅನ್ನಿಸಿ ಇದನ್ನು ಓದುತ್ತಿದ್ದರೆ ಓದು ಇಲ್ಲಿಗೇ ನಿಲ್ಲಿಸಿ. ಹೆಸರು ಹಚ್ಚಿರುವ ಆಸ್ಪತ್ರೆಯ ಲೇಬರ್ ರೂಮಿಗೆ ಫೋನ್ ಮಾಡಿ, ಹೊರಡಿ. ರಾತ್ರಿ ಎರಡು ಗಂಟೆಯಾದರೂ ಸರಿ. ಬೆಳಗಾಗಲಿ, ಓಪಿಡಿ ತೆರೆಯಲಿ, ಯಜಮಾನರು ಸೆಕೆಂಡ್ ಶಿಫ್ಟ್ ಮುಗಿಸಿ ಬರಲಿ ಎಂದು ಕಾಯುವ ವಿಷಯ ಇದಲ್ಲ. ಉಳಿದವರು ನಿಧಾನವಾಗಿ ಓದಬಹುದು.

ಅವಸರ ಯಾಕೆಂದರೆ, ಮಗುವಿಗೆ ಆಮ್ಲಜನಕವೂ ಆಹಾರವೂ ಬರುವುದು ಮಾಸು, ಅಂದರೆ ಪ್ಲಾಸೆಂಟಾದ ಮೂಲಕ. ಅದು ಸರಿಯಾಗಿ ಕೆಲಸ ಮಾಡದಿದ್ದಾಗ ಮಗು ಮಿದುಳಿಗೂ ಹೃದಯಕ್ಕೂ ಬೇಕಾದದ್ದನ್ನು ಉಳಿಸಿಕೊಂಡು, ಕೈಕಾಲು ಆಡಿಸುವುದನ್ನು ಕಡಿಮೆ ಮಾಡುತ್ತದೆ. ಸಂಬಳ ತಡವಾದ ತಿಂಗಳು ಮನೆಯಲ್ಲಿ ಮೊದಲು ಮೇಲುಖರ್ಚು ನಿಲ್ಲುವ ಹಾಗೆ. ಈ ಹಂತದಲ್ಲಿ ಕಂಡುಕೊಂಡರೆ ಡಾಕ್ಟರಿಗೆ ಏನಾದರೂ ಮಾಡಲು ಸಮಯ ಸಿಗುತ್ತದೆ. ಹಾಗೆಂದು ಮಿಸುಕಾಟ ಒಮ್ಮೆ ಕಡಿಮೆಯಾದರೆ ಕೆಟ್ಟದ್ದೇ ಆಗಿದೆ ಎಂದಲ್ಲ. ಇಂಥ ದೂರು ಒಂದು ಸಲ ತಂದವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿಗೆ ಬಸುರು ತೊಂದರೆಯಿಲ್ಲದೆ ಮುಗಿಯುತ್ತದೆ. ಉಳಿದ ಮೂವರಲ್ಲಿ ನೀವಿದ್ದೀರೋ ಇಲ್ಲವೋ ಎಂಬುದು ಮನೆಯಲ್ಲಿ ಕೂತು ತಿಳಿಯುವಂಥದ್ದಲ್ಲ.

ಮೊದಲು ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿ

ಅಮ್ಮ, ಅತ್ತೆ ‘ಏಳು ತುಂಬಿತು, ಎಂಟಕ್ಕೆ ಬಿತ್ತು’ ಎಂದು ತಿಂಗಳಲ್ಲಿ ಲೆಕ್ಕ ಹಾಕುತ್ತಾರೆ, ಡಾಕ್ಟರು ವಾರದಲ್ಲಿ. ಎರಡೂ ತಾಳೆಯಾಗದೆ ಗೊಂದಲವಾಗುತ್ತದೆ. ಫೈಲಿನಲ್ಲಿ ‘ಇಡಿಡಿ’ ಎಂದು ಬರೆದಿರುವ ಹೆರಿಗೆಯ ದಿನಾಂಕ ನೋಡಿ. ಮೊದಲ ಸೋನೋಗ್ರಫಿ ಆದಮೇಲೆ ಡಾಕ್ಟರು ತಾರೀಖು ತಿದ್ದಿದ್ದರೆ ತಿದ್ದಿದ್ದನ್ನೇ ಹಿಡಿಯಿರಿ. ಅದರಿಂದ 16 ವಾರ ಹಿಂದೆ ಎಣಿಸಿದರೆ ನಿಮಗೆ 24 ವಾರ ತುಂಬುವ ದಿನ, 12 ವಾರ ಹಿಂದೆ ಎಣಿಸಿದರೆ 28 ವಾರ ತುಂಬುವ ದಿನ. ಇಡಿಡಿ ನವೆಂಬರ್ 20 ಆಗಿದ್ದರೆ ಜುಲೈ 31 ಮತ್ತು ಆಗಸ್ಟ್ 28. ಅಡುಗೆಮನೆಯ ಗೋಡೆಯ ಕಾಲನಿರ್ಣಯದ ಮೇಲೆ ಈ ಎರಡಕ್ಕೂ ಸುತ್ತು ಹಾಕಿಡಿ.

ಮೊದಲ ಸುತ್ತಿನ ತನಕ ಆತಂಕಕ್ಕೆ ಹೆಚ್ಚು ಕಾರಣವಿಲ್ಲ. ಮಗು ಆಡುವುದು ಸಾಮಾನ್ಯವಾಗಿ 16ರಿಂದ 24 ವಾರಗಳ ನಡುವೆ ತಾಯಿಗೆ ಗೊತ್ತಾಗತೊಡಗುತ್ತದೆ. ಚೊಚ್ಚಲು ಬಸುರಿಗೆ 20 ವಾರ ದಾಟುವುದೂ ಉಂಟು, ಎರಡನೆಯದರಲ್ಲಿ ಬೇಗ. ಮೊದಮೊದಲು ಅದು ಒದೆತದಂತೆ ಇರುವುದಿಲ್ಲ. ಗುಳ್ಳೆ ಒಡೆದಂತೆ, ನರ ಮಿಡಿದಂತೆ, ಹೊಟ್ಟೆಯಲ್ಲಿ ವಾಯು ಓಡಾಡಿದಂತೆ ಇರುತ್ತದೆ. ಒಂದು ದಿನ ಗೊತ್ತಾಗಿ ಮರುದಿನ ಗೊತ್ತಾಗದೆಯೂ ಇರಬಹುದು. ಸೋನೋಗ್ರಫಿ ರಿಪೋರ್ಟಿನಲ್ಲಿ ‘ಆ್ಯಂಟೀರಿಯರ್ ಪ್ಲಾಸೆಂಟಾ’ ಎಂದಿದ್ದರೆ ಮಾಸು ಹೊಟ್ಟೆಯ ಮುಂಭಾಗಕ್ಕೆ ಅಂಟಿಕೊಂಡಿದೆ ಎಂದರ್ಥ. ಮಗುವಿಗೂ ನಿಮ್ಮ ಹೊಟ್ಟೆಯ ಗೋಡೆಗೂ ನಡುವೆ ಅದು ಇರುವುದರಿಂದ 28 ವಾರದೊಳಗೆ ಒದೆತ ಮಂದವಾಗಿ ತಿಳಿಯಬಹುದು. ಅದೇನೂ ರೋಗವಲ್ಲ. 24 ವಾರ ತುಂಬಿದರೂ ಒಮ್ಮೆಯೂ ಗೊತ್ತಾಗಿಲ್ಲವೆಂದರೆ ಮಾತ್ರ ಡಾಕ್ಟರಿಗೆ ತೋರಿಸಬೇಕು. 24ರಿಂದ 28ರ ನಡುವೆ, ಗೊತ್ತಾಗುತ್ತಿದ್ದದ್ದು ಕಡಿಮೆಯಾದರೂ ತೋರಿಸಬೇಕು, ಕನಿಷ್ಠ ಮಗುವಿನ ಎದೆಬಡಿತ ಕೇಳಿ ನೋಡುತ್ತಾರೆ.

32 ವಾರದವರೆಗೆ ಮಿಸುಕಾಟ ಏರುತ್ತಾ ಹೋಗಿ, ಆಮೇಲೆ ಹೆರಿಗೆಯ ತನಕ ಅಲ್ಲೇ ನಿಲ್ಲುತ್ತದೆ. ಕಡೆಯ ವಾರಗಳಲ್ಲಿ ಲಾಗ ಹಾಕುವುದು ಕಮ್ಮಿಯಾಗಿ ಹೊರಳುವುದು, ಒತ್ತುವುದು, ಪಕ್ಕೆಲುಬಿಗೆ ಕಾಲು ಚಾಚುವುದು ಹೆಚ್ಚಾಗಬಹುದು. ಬಗೆ ಬದಲಾಗುತ್ತದೆ, ಲೆಕ್ಕ ಇಳಿಯಬಾರದು. ‘ತಲೆ ಕೆಳಗಿಳಿದಿದೆ, ಜಾಗ ಸಾಲದು, ದಿನ ಹತ್ತಿರ ಬಂತು, ಈಗ ಮಗು ಸುಮ್ಮನಿರುತ್ತದೆ’ ಎಂಬ ಮಾತು ಪ್ರತಿ ಬಿಲ್ಡಿಂಗಿನಲ್ಲೂ ಒಬ್ಬರಾದರೂ ಹೇಳುತ್ತಾರೆ. ಈ ವಿಷಯದಲ್ಲಿ ಹಿರಿಯರ ಮಾತು ಕೇಳಬೇಡಿ. ಹೆರಿಗೆ ನೋವಿನ ನಡುವೆಯೂ ಮಗು ಆಡುತ್ತಲೇ ಇರಬೇಕು.

ನಿಮ್ಮ ಮಗುವಿನ ದಿನಚರಿ ಕಲಿಯಿರಿ

28 ವಾರ ತುಂಬಿದ ಮೇಲಿನ ಮೊದಲ ವಾರ ಎಣಿಸುವ ಗೋಜು ಬೇಡ, ಗಮನಿಸಿದರೆ ಸಾಕು. ಯಾವ ಹೊತ್ತಿನಲ್ಲಿ ಜೋರು, ಯಾವಾಗ ಶಾಂತ, ಒದೆತ ಎಡಕ್ಕೋ ಬಲಕ್ಕೋ, ಊಟವಾದ ಮೇಲೆಯೋ, ನೀವು ಮಲಗಿದ ಕೂಡಲೇ ಶುರುವೋ. ಹೆಚ್ಚಿನ ಮಕ್ಕಳು ಸಂಜೆಯಿಂದ ರಾತ್ರಿಯ ಕಡೆಗೆ ಚುರುಕಾಗುತ್ತವೆ. ಮಗು ನಡುನಡುವೆ 20ರಿಂದ 40 ನಿಮಿಷ ನಿದ್ದೆ ಮಾಡುತ್ತದೆ, ಆಗ ಮಿಸುಕುವುದಿಲ್ಲ. ಆರೋಗ್ಯವಂತ ಮಗುವಿನ ಇಂಥ ನಿದ್ದೆ 90 ನಿಮಿಷ ಮೀರುವುದು ಅಪರೂಪ. ಮುಂದೆ ಎರಡು ಗಂಟೆ ಎಂದು ಹೇಳಿರುವುದು ಇದೇ ಲೆಕ್ಕದ ಮೇಲೆ.

ಬೆಳಗಿನ 8.12ರ ಡೊಂಬಿವಲಿ ಲೋಕಲ್ ಹಿಡಿದು, ನಿಂತೇ ದಾದರಿಗೆ ಹೋಗಿ, ದಿನವಿಡೀ ಕೆಲಸ ಮಾಡಿದವರಿಗೆ ಸಂಜೆ ಮನೆಗೆ ಬಂದಾಗ ‘ಇವತ್ತು ಮಗು ಆಡಲೇ ಇಲ್ಲವಲ್ಲ’ ಅನ್ನಿಸುವುದು ಸಾಮಾನ್ಯ. ನಡೆಯುವಾಗ, ನಿಂತಾಗ, ಕೆಲಸದಲ್ಲಿ ಮುಳುಗಿದಾಗ ಒದೆತ ಗಮನಕ್ಕೆ ಬರುವುದು ಕಡಿಮೆ. ಅದು ಗಮನಿಸದೆ ಹೋದದ್ದೋ, ನಿಜಕ್ಕೂ ಆಡದೆ ಇದ್ದದ್ದೋ ಎಂಬ ಅನುಮಾನವಿದ್ದಾಗ ಬೇರ್ಪಡಿಸಿ ನೋಡಲು ಎಣಿಕೆ ಬೇಕು. ಕಡಿಮೆಯಾಗಿದೆ ಎಂಬುದು ಖಾತ್ರಿಯಿದ್ದರೆ ಮೊದಲೇ ಹೇಳಿದಂತೆ ಎಣಿಸದೆ ಹೊರಡಿ.

ಎಣಿಸುವ ಕ್ರಮ

ದಿನಕ್ಕೊಮ್ಮೆ ಸಾಕು. ಮಗು ಚುರುಕಾಗಿರುವ ಹೊತ್ತನ್ನೇ ಆರಿಸಿ, ದಿನಾ ಅದೇ ಹೊತ್ತಿಗೆ ಮಾಡಿ. ರಾತ್ರಿ ಊಟವಾದ ಮೇಲಿನ ಒಂಬತ್ತು ಗಂಟೆ ಬಹಳಷ್ಟು ಮನೆಗಳಿಗೆ ಹೊಂದುತ್ತದೆ. ಪುಣೆಯಲ್ಲಿ ರಾತ್ರಿ ಪಾಳಿ ಮಾಡುವವರು ತಮ್ಮ ಹೊತ್ತು ಬೇರೆ ಇಟ್ಟುಕೊಳ್ಳಲಿ.

ಮೂತ್ರಕ್ಕೆ ಹೋಗಿ ಬನ್ನಿ. ಟಿವಿ ಆರಿಸಿ. ಎಡ ಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ, ಒಂದು ಕೈ ಹೊಟ್ಟೆಯ ಮೇಲಿರಲಿ. ಅಂಗಾತ ಮಲಗಬೇಡಿ. ತುಂಬಿದ ಗರ್ಭಕೋಶದ ಭಾರ ಬೆನ್ನ ಬಳಿಯ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗಬಹುದು. 28 ವಾರದ ನಂತರ ನಿದ್ದೆಗೂ ಮಗ್ಗುಲೇ ಒಳ್ಳೆಯದು.

ಶುರು ಮಾಡಿದ ಹೊತ್ತು ಬರೆದುಕೊಳ್ಳಿ. ಒದೆತ, ಗುದ್ದು, ಹೊರಳು, ಸರಿದಾಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಂದೇ ಉಸಿರಿಗೆ ಮೂರು ಸಲ ಒದ್ದು ನಿಂತರೆ ಒಂದು ಎಂದು ಹಿಡಿಯಿರಿ, ನಡುವೆ ಬಿಡುವು ಬಂದು ಮತ್ತೆ ಶುರುವಾದರೆ ಎರಡನೆಯದು. ಈ ಪದ್ಧತಿಯನ್ನು ದಿನಾ ಬದಲಿಸಬೇಡಿ. ಗಡಿಯಾರದ ಟಿಕ್‌ಟಿಕ್‌ನಂತೆ ಒಂದೇ ಲಯದಲ್ಲಿ, ಒಂದೇ ಜಾಗದಲ್ಲಿ ಬರುವ ಸಣ್ಣ ಕುಪ್ಪಳಿಕೆ ಮಗುವಿನ ಬಿಕ್ಕಳಿಕೆ. ಅದನ್ನು ಎಣಿಸಬೇಡಿ. ಹತ್ತು ತುಂಬಿದ ಕೂಡಲೇ ಹೊತ್ತು ಬರೆದು, ಒದೆತ ಜೋರೋ ಮೆತ್ತಗೋ ಎಂದು ಒಂದು ಪದ ಸೇರಿಸಿ, ಎದ್ದುಬಿಡಿ. ಎರಡು ಗಂಟೆಯಾದರೂ ಹತ್ತು ತುಂಬದಿದ್ದರೆ ಎಣಿಕೆ ಅಲ್ಲಿಗೆ ಮುಗಿಯಿತು, ಆಸ್ಪತ್ರೆಗೆ ಹೊರಡಿ. ಒಂದು ಗಂಟೆ ಕಳೆದರೂ ಏನೂ ಇಲ್ಲ, ಮನಸ್ಸು ಬೇರೆ ಹೇಳುತ್ತಿದೆ ಎಂದರೆ ಎರಡನೆಯ ಗಂಟೆಗೆ ಕಾಯಬೇಕೆಂಬ ನಿಯಮವೇನೂ ಇಲ್ಲ.

ಪುಸ್ತಕದಲ್ಲಿ ನಾಲ್ಕು ದಿನದ ಬರವಣಿಗೆ ಹೀಗಿರುತ್ತದೆ ಎಂದುಕೊಳ್ಳಿ:

ಸೋಮ: 9.10 – 9.34, ಜೋರು
ಮಂಗಳ: 9.05 – 9.31, ಜೋರು
ಬುಧ: 9.20 – 9.50, ಜೋರು
ಗುರು: 9.10 – 10.40, ಮೆತ್ತಗೆ

ಗುರುವಾರವೂ ಎರಡು ಗಂಟೆಯೊಳಗೆ ಹತ್ತು ತುಂಬಿದೆ. ಆದರೂ ಗುರುವಾರ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಅರ್ಧ ಗಂಟೆಯಲ್ಲಿ ಹತ್ತು ಸಲ ಆಡುತ್ತಿದ್ದ ಮಗು ಒಂದೂವರೆ ಗಂಟೆ ತೆಗೆದುಕೊಂಡಿದೆ, ಅದೂ ಬಲವಿಲ್ಲದೆ. ಹತ್ತು ಎಂಬುದು ಕೈಗೆ ಸಿಗುವ ಒಂದು ಗೆರೆ, ಅಷ್ಟೇ. ಎಲ್ಲ ಮಕ್ಕಳಿಗೂ ಹೊಂದುವ ಒಂದು ಸಂಖ್ಯೆಯನ್ನು ವೈದ್ಯಶಾಸ್ತ್ರ ಇನ್ನೂ ಕಂಡುಕೊಂಡಿಲ್ಲ. 1989ರಲ್ಲಿ ಪ್ರಕಟವಾದ, ಸುಮಾರು 68,000 ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಎಲ್ಲರಿಂದಲೂ ದಿನಾ ಎಣಿಸಿದ್ದರಿಂದ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು ಕಡಿಮೆಯಾಗಲಿಲ್ಲ. ಹಾಗಾದರೆ ಎಣಿಸುವುದೇಕೆ? ಎಂದಿನದು ಯಾವುದು ಎಂದು ಗೊತ್ತಿದ್ದರೆ ಮಾತ್ರ ಎಂದಿನಂತಿಲ್ಲ ಎಂದು ಹೇಳಲು ಬರುತ್ತದೆ, ಅದಕ್ಕೆ.

ನಿಮ್ಮ ಡಾಕ್ಟರು ಬೇರೆ ಕ್ರಮ ಹೇಳಿರಬಹುದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಊಟದ ನಂತರ ಒಂದೊಂದು ಗಂಟೆ ಎಣಿಸಿ, ಪ್ರತಿ ಗಂಟೆಗೆ ಮೂರಾದರೂ ಇರಬೇಕು ಎನ್ನುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ಹೇಳಿದ್ದನ್ನೇ ಮಾಡಿ, ಎರಡನ್ನೂ ಬೆರೆಸಬೇಡಿ. ‘12 ಗಂಟೆಯಲ್ಲಿ 10’ ಎಂಬ ಹಳೆಯ ಲೆಕ್ಕ ಮಾತ್ರ ಬಹಳ ಸಡಿಲ. ಮೇಲಿನ ಗುರುವಾರದ ಮಗು ಅದರಲ್ಲಿ ಸಲೀಸಾಗಿ ಪಾಸಾಗಿಬಿಡುತ್ತದೆ.

ಅವಳಿ ಮಕ್ಕಳಲ್ಲಿ ಯಾವ ಒದೆತ ಯಾರದು ಎಂದು ಹೇಳಲಾಗದು. ಒಟ್ಟು ಆಟ ಕಡಿಮೆಯಾದರೆ ಹೋಗುವುದೇ ಸರಿ, ಆಟ ಸರಿಯಿದ್ದರೂ ಡಾಕ್ಟರು ಹೇಳಿದ ಸೋನೋಗ್ರಫಿ ತಪ್ಪಿಸಬಾರದು.

ಎಣಿಸದೆ ನೇರ ಹೋಗಬೇಕಾದದ್ದು

ಮಿಸುಕಾಟ ಪೂರ್ತಿ ನಿಂತಿದೆ ಅನ್ನಿಸಿದರೆ, ಅಥವಾ ಕಡಿಮೆಯಾದದ್ದರ ಜೊತೆಗೆ ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಸಡಿಲವಾಗದೆ ಕಲ್ಲಿನಂತೆ ಗಟ್ಟಿಯಾಗಿ ನೋವಿದ್ದರೆ ಎರಡು ಗಂಟೆ ಮಲಗಿ ನೋಡುವ ಪ್ರಶ್ನೆಯೇ ಇಲ್ಲ. ತೀವ್ರ ತಲೆನೋವು, ಕಣ್ಣು ಮಂಜು, ಮುಖ ಊದಿಕೊಳ್ಳುವುದು ಬಿಪಿ ಏರಿದ್ದರ ಗುರುತಿರಬಹುದು. ಗುಳ್ಳೆಯಿಲ್ಲದೆ ಅಂಗೈ ಅಂಗಾಲು ರಾತ್ರಿ ವಿಪರೀತ ತುರಿಸಿದರೆ ಪಿತ್ತಜನಕಾಂಗದ ತೊಂದರೆ ಇರಬಹುದು. ಬಿಪಿ, ಶುಗರ್ ಇರುವವರು, ಮಗುವಿನ ಬೆಳವಣಿಗೆ ಕಡಿಮೆ ಎಂದು ರಿಪೋರ್ಟ್ ಬಂದವರು, ಹಿಂದೆ ಹೊಟ್ಟೆಯಲ್ಲೇ ಮಗು ಕಳೆದುಕೊಂಡವರು ಅನುಮಾನ ಬಂದ ಕೂಡಲೇ ಹೊರಡುವುದು ಲೇಸು. ತಂಬಾಕು, ಹಲ್ಲಿಗೆ ಮಿಶ್ರಿ ತಿಕ್ಕುವುದೂ ಸೇರಿ, ಮಗುವಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಡಾಕ್ಟರ ಮುಂದೆ ಅದನ್ನು ಮುಚ್ಚಿಡಬೇಡಿ. ನಿದ್ದೆ ಮಾತ್ರೆ ಮತ್ತು ಕೆಲವು ಬಲವಾದ ನೋವಿನ ಮಾತ್ರೆಗಳು ಮಗುವನ್ನೂ ಮಂಕಾಗಿಸುತ್ತವೆ, ನುಂಗಿದ್ದರೆ ಹೆಸರು ಹೇಳಿ.

ಮಗು ಹೆಚ್ಚು ಆಡುತ್ತದೆ ಎಂಬುದು ಚಿಂತೆಯ ವಿಷಯವಲ್ಲ, ಗಂಡು ಎಂಬುದರ ಸೂಚನೆಯೂ ಅಲ್ಲ. ಆದರೆ ಇದ್ದಕ್ಕಿದ್ದಂತೆ ಎಂದೂ ಇಲ್ಲದ ಹಾಗೆ ರಭಸವಾಗಿ ಒದ್ದಾಡಿ, ಆಮೇಲೆ ಸ್ತಬ್ಧವಾದರೆ ತಡಮಾಡಬೇಡಿ.

ಸಮಯ ತಿನ್ನುವ ಮೂರು ಕೆಲಸ

‘ತಣ್ಣೀರು ಕುಡಿ, ಒಂದು ಪೇಡಾ ತಿನ್ನು, ಆಡುತ್ತದೆ’ ಎನ್ನುವುದು ಮೊದಲನೆಯದು. ಹಸಿದಿದ್ದರೆ ಖಂಡಿತ ತಿನ್ನಿ. ಆದರೆ ಸಿಹಿ ತಿಂದು ಮಗುವನ್ನು ಎಬ್ಬಿಸಿ ಪರೀಕ್ಷೆ ಮಾಡುವುದಕ್ಕೆ ಭರವಸೆಯ ಆಧಾರವಿಲ್ಲ. ಒಂದು ಒದೆತ ಬಂತೆಂದು ಸಮಾಧಾನ ಮಾಡಿಕೊಂಡು ಮಲಗಿಬಿಡುವ ಅಪಾಯವೇ ಹೆಚ್ಚು.

ಎರಡನೆಯದು ಆನ್‌ಲೈನಿನಲ್ಲಿ ಸಿಗುವ, ಮಗುವಿನ ಎದೆಬಡಿತ ಕೇಳಿಸುವ ಕೈ ಡಾಪ್ಲರ್. ತರಬೇತಿ ಇಲ್ಲದವರ ಕಿವಿಗೆ ತಾಯಿಯದೇ ನಾಡಿಯೋ, ಮಾಸಿನ ರಕ್ತದ ಹರಿವೋ ಮಗುವಿನ ಬಡಿತದಂತೆ ಕೇಳಿಸುತ್ತದೆ. ನಿಜವಾಗಿಯೂ ಮಗುವಿನದೇ ಕೇಳಿಸಿದರೂ, ಮಗು ಆ ಗಳಿಗೆಯಲ್ಲಿ ಜೀವಂತವಿದೆ ಎಂದು ತಿಳಿಯಿತೇ ಹೊರತು ಕ್ಷೇಮವಾಗಿದೆ ಎಂದಲ್ಲ. ಮನೆಯಲ್ಲಿದ್ದರೆ ಎತ್ತಿಡಿ.

ಮೂರನೆಯದು ‘ನಾಡಿದ್ದು ಹೇಗೂ ಚೆಕಪ್ ಇದೆಯಲ್ಲ’ ಎಂಬ ಯೋಚನೆ.

ಎಲ್ಲಿಗೆ, ಹೇಗೆ: ಮೊದಲೇ ಗೊತ್ತು ಮಾಡಿಕೊಳ್ಳಿ

28 ವಾರದ ಚೆಕಪ್ಪಿನಲ್ಲೇ ಕೇಳಬೇಕಾದ ಪ್ರಶ್ನೆಗಳಿವೆ: ಮಗು ಆಡುವುದು ಕಡಿಮೆಯಾದರೆ ರಾತ್ರಿ ಯಾವ ನಂಬರಿಗೆ ಫೋನ್ ಮಾಡಲಿ? ರಾತ್ರಿ ಹೊತ್ತು ಇಲ್ಲಿ ಎನ್‌ಎಸ್‌ಟಿ (ಮಗುವಿನ ಎದೆಬಡಿತವನ್ನು ಸ್ವಲ್ಪ ಹೊತ್ತು ದಾಖಲಿಸಿ ನೋಡುವ ಪರೀಕ್ಷೆ) ಮಷಿನ್ ನಡೆಯುತ್ತದೆಯೆ? ಭಾನುವಾರ ಸೋನೋಗ್ರಫಿ ಇದೆಯೆ? ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ಸಣ್ಣ ನರ್ಸಿಂಗ್ ಹೋಮ್ ಅಥವಾ ಪಾಲಿಕೆಯ ಪ್ರಸೂತಿಗೃಹದಲ್ಲಿ ಹೆಸರು ಹಚ್ಚಿದವರಿಗೆ ಕೊನೆಯ ಪ್ರಶ್ನೆ ಮುಖ್ಯ. ದೊಡ್ಡ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಕೇಸ್ ಪೇಪರಿನ ಸಾಲು ಹಿಡಿಯಬೇಡಿ, ನೇರ ಲೇಬರ್ ರೂಮ್ ಅಥವಾ ಕ್ಯಾಷುವಾಲ್ಟಿಗೆ ಹೋಗಿ.

ಮುಂಬೈಯಲ್ಲಿ ಪರೇಲಿನ ಕೆಇಎಂ ಮತ್ತು ವಾಡಿಯಾ ಹೆರಿಗೆ ಆಸ್ಪತ್ರೆ, ಸಯನ್, ನಾಯರ್, ಜುಹೂ ಕಡೆಯವರಿಗೆ ಕೂಪರ್, ಸಿಎಸ್‌ಎಂಟಿ ಬಳಿ ಕಾಮಾ ಇವೆ. ಮಳೆಗಾಲದಲ್ಲಿ ದಿನ ತುಂಬುವವರು ಇನ್ನೊಂದು ಲೆಕ್ಕ ಹಾಕಬೇಕು. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಮಿಲನ್ ಸಬ್‌ವೇಗಳಲ್ಲಿ ನೀರು ನಿಂತರೆ ನಿಮ್ಮ ಟ್ಯಾಕ್ಸಿಯೂ ನಿಲ್ಲುತ್ತದೆ. ರೈಲು ಹಳಿಯ ನೀವಿರುವ ಬದಿಯಲ್ಲೇ ಒಂದು ಎರಡನೆಯ ಆಸ್ಪತ್ರೆ ನೋಡಿಟ್ಟುಕೊಳ್ಳಿ. ಪುಣೆಯಲ್ಲಿ ಸ್ಟೇಷನ್ ಬಳಿ ಸಸೂನ್, ಮಂಗಳವಾರ ಪೇಠೆಯಲ್ಲಿ ಕಮಲಾ ನೆಹರೂ, ಪಿಂಪ್ರಿಯಲ್ಲಿ ವೈಸಿಎಂ. ಗೋವಾದಲ್ಲಿ ಬಾಂಬೋಳಿಯ ಜಿಎಂಸಿ, ಮಡಗಾಂವ್ ಮತ್ತು ಮಾಪ್ಸಾದ ಜಿಲ್ಲಾ ಆಸ್ಪತ್ರೆಗಳು. ವಾಸ್ಕೋದ ಬೈನಾ, ಝುವಾರಿನಗರದವರಿಗೆ ಚಿಖಲಿಯ ಆಸ್ಪತ್ರೆ ಹತ್ತಿರ. ಮಹಾರಾಷ್ಟ್ರ, ಗೋವಾ ಎರಡೂ ಕಡೆ 108 ಆಂಬುಲೆನ್ಸ್ ಉಚಿತ.

ಚೀಲದಲ್ಲಿ ಬೇಕಾದದ್ದು: ಫೈಲು, ತಾಯಿ ಕಾರ್ಡ್, ಹಿಂದಿನ ಸೋನೋಗ್ರಫಿ ರಿಪೋರ್ಟುಗಳು, ಎಣಿಕೆಯ ಪುಸ್ತಕ, ಈಗ ನುಂಗುತ್ತಿರುವ ಮಾತ್ರೆಗಳು, ಆಧಾರ್. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ ಬಸುರಿಯ ಪ್ರತಿ ಸೋನೋಗ್ರಫಿಗೂ ಫಾರ್ಮ್ ತುಂಬಿ ಸಹಿ ಹಾಕಬೇಕು, ಗುರುತಿನ ಚೀಟಿ ಕೇಳುತ್ತಾರೆ. ರಾತ್ರಿ ಅದನ್ನು ತರಲು ಮತ್ತೆ ಮನೆಗೆ ಓಡುವಂತಾಗಬಾರದು.

ಗೋವಾದಲ್ಲಿ ಕನ್ನಡ ಬಲ್ಲ ಆಯಾ, ನರ್ಸ್ ಸಿಗುವುದು ಕಷ್ಟವಲ್ಲ. ಮುಂಬೈ, ಪುಣೆಯಲ್ಲಿ ಊರಿಂದ ಹೊಸದಾಗಿ ಬಂದವರು ಈ ಮರಾಠಿ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: ‘ಸಕಾಳಪಾಸೂನ್ ಬಾಳಾಚೀ ಹಾಲಚಾಲ ಕಮೀ ಝಾಲೀ ಆಹೇ.’ ಬೆಳಗಿನಿಂದ ಮಗುವಿನ ಮಿಸುಕಾಟ ಕಡಿಮೆಯಾಗಿದೆ ಎಂದು. ಹಿಂದಿಯಲ್ಲಾದರೆ ‘ಸುಬಹ್ ಸೇ ಬಚ್ಚಾ ಕಮ್ ಹಿಲ್ ರಹಾ ಹೈ.’ ಜೊತೆಗೆ ಎಷ್ಟು ವಾರ ಎಂದು ಹೇಳಿ. ‘ಏನೋ ಒಂಥರಾ ಆಗುತ್ತಿದೆ’ ಎಂದರೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿಯಾರು.

ಅಲ್ಲಿ ಏನು ಮಾಡುತ್ತಾರೆ

ಯಾವಾಗಿನಿಂದ, ಮೊದಲ ಸಲವೇ ಎಂದು ಕೇಳಿ, ಬಿಪಿ ನೋಡಿ, ಹೊಟ್ಟೆಯ ಎತ್ತರವನ್ನು ಟೇಪಿನಿಂದ ಅಳೆದು, ಡಾಪ್ಲರಿನಿಂದ ಎದೆಬಡಿತ ಕೇಳುತ್ತಾರೆ. ಆಮೇಲೆ ಎನ್‌ಎಸ್‌ಟಿ. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಒಂದು ಮಗುವಿನ ಬಡಿತಕ್ಕೆ, ಇನ್ನೊಂದು ಗರ್ಭಕೋಶದ ಬಿಗಿತಕ್ಕೆ. ಕೈಗೊಂದು ಗುಂಡಿ ಕೊಟ್ಟು, ಮಗು ಆಡಿದಾಗೆಲ್ಲ ಒತ್ತಲು ಹೇಳುತ್ತಾರೆ. ಕನಿಷ್ಠ 20 ನಿಮಿಷ ಬೇಕು. ಬಡಿತ ನಿಮಿಷಕ್ಕೆ 110ರಿಂದ 160ರ ನಡುವೆ ಇದ್ದು, 32 ವಾರ ದಾಟಿದವರಿಗೆ 20 ನಿಮಿಷದಲ್ಲಿ ಎರಡು ಸಲವಾದರೂ 15 ಬಡಿತ ಏರಿ 15 ಸೆಕೆಂಡ್ ನಿಂತರೆ ‘ರಿಯಾಕ್ಟಿವ್’ ಎನ್ನುತ್ತಾರೆ. ಮಗು ನಿದ್ದೆಯಲ್ಲಿದ್ದರೆ 40 ನಿಮಿಷದ ತನಕ ಓಡಿಸುತ್ತಾರೆ, ಅದಕ್ಕೆ ಗಾಬರಿ ಬೇಡ. ಬರೀ ಡಾಪ್ಲರ್ ಇಟ್ಟು ‘ಹಾರ್ಟ್‌ಬೀಟ್ ಇದೆ, ಹೋಗಿ’ ಎಂದರೆ ಎನ್‌ಎಸ್‌ಟಿ ಮಾಡಿ ಎಂದು ವಿನಯದಿಂದ, ಆದರೆ ಬಿಡದೆ ಕೇಳಿ.

ಎನ್‌ಎಸ್‌ಟಿ ಚೆನ್ನಾಗಿ ಬಂದರೂ ಮಿಸುಕಾಟ ಕಡಿಮೆಯೇ ಇದ್ದರೆ, ಅಥವಾ ಬಿಪಿ, ಬೆಳವಣಿಗೆಯ ತೊಂದರೆ ಇದ್ದರೆ ಸೋನೋಗ್ರಫಿ ಮಾಡುತ್ತಾರೆ. ಮಗುವಿನ ತೂಕದ ಅಂದಾಜು, ಸುತ್ತಲಿನ ನೀರು, ಹೊಕ್ಕುಳಬಳ್ಳಿಯ ರಕ್ತದ ಹರಿವು ನೋಡುತ್ತಾರೆ. ನೀರಿನ ಅಳತೆ ‘ಎಎಫ್‌ಐ’ 5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ನೀರು ಕಮ್ಮಿ ಎಂದು ಲೆಕ್ಕ. 37 ವಾರ ದಾಟಿದವರಿಗೆ ಹೆರಿಗೆ ಮಾಡಿಸುವ ಮಾತು ಬರಬಹುದು. ದಿನ ತುಂಬದೆ ಹೆರಿಗೆಯಾಗುವ ಸಂಭವವಿದ್ದರೆ ಮಗುವಿನ ಶ್ವಾಸಕೋಶಕ್ಕಾಗಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದರ ನಂತರ ಒಂದೆರಡು ದಿನ ಮಿಸುಕಾಟ ಇಳಿಯುವುದುಂಟು, ಆದರೂ ನರ್ಸಿಗೆ ಹೇಳಲೇಬೇಕು.

ಎಲ್ಲ ಸರಿಯಿದೆ ಎಂದು ಮನೆಗೆ ಕಳಿಸಿದ ಮೇಲೆ

ಮೂರು ದಿನ ಬಿಟ್ಟು ಮತ್ತೆ ಕಡಿಮೆಯಾದರೆ ‘ಮೊನ್ನೆ ತಾನೇ ಹೋಗಿ ಬಂದೆವು, ನಗುತ್ತಾರೆ’ ಎಂದು ಸುಮ್ಮನಿರುವವರೇ ಹೆಚ್ಚು. ಮತ್ತೆ ಹೋಗಿ. ಪದೇಪದೇ ಕಡಿಮೆಯಾಗುವುದನ್ನು ಡಾಕ್ಟರು ಮೊದಲ ಸಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು, ಆದ್ದರಿಂದ ಇದು ಎರಡನೆಯ ಸಲ ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಇದಕ್ಕೆ ತದ್ವಿರುದ್ಧ ಸಮಸ್ಯೆಯೂ ಇದೆ. ಮಗು ಎಂದಿನಂತೆ ಆಡುತ್ತಿದ್ದರೂ ಗಂಟೆಗೊಮ್ಮೆ ಎಣಿಸುವುದು, ರಾತ್ರಿ ಮೂರಕ್ಕೆ ಎದ್ದು ಹೊಟ್ಟೆ ಅಲುಗಿಸಿ ನೋಡುವುದು. ಹೀಗಾದರೆ ಎಣಿಕೆಯನ್ನು ಒಂದೇ ಹೊತ್ತಿಗೆ ಕಟ್ಟಿಹಾಕಿ, ಫೋನಿನಲ್ಲಿ ಎಣಿಸುವ ಆ್ಯಪ್ ಇದ್ದರೆ ತೆಗೆದುಹಾಕಿ ಪುಸ್ತಕಕ್ಕೆ ಬನ್ನಿ. ನಿದ್ದೆ, ಊಟ ಬಿಟ್ಟುಹೋಗುವಷ್ಟು ಆತಂಕವಿದ್ದರೆ ಡಾಕ್ಟರಿಗೆ ಅದನ್ನೂ ಹೇಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ.

ತವರಿಗೆ ಹೊರಡುವವರಿಗೆ

ಸೀಮಂತ, ಕುಬಸ ಮುಗಿಸಿ ಊರಿಗೆ ಹೊರಡುವುದು ಸರಿಯಾಗಿ ಈ 28–34 ವಾರಗಳಲ್ಲೇ. ಮತ್ಸ್ಯಗಂಧದಲ್ಲಿ ಮಂಗಳೂರಿಗೋ, ಉದ್ಯಾನ್ ಹಿಡಿದು ಕಲಬುರಗಿಗೋ ಹೊರಡುವ ಹಿಂದಿನ ರಾತ್ರಿ ಎಣಿಸಿ. ಕಡಿಮೆಯಿದ್ದರೆ ಟಿಕೆಟ್ ರದ್ದು ಮಾಡಿ. ರೈಲಿನ ಕುಲುಕಾಟದಲ್ಲಿ ಒದೆತ ಸರಿಯಾಗಿ ತಿಳಿಯದು, ಕೆಳಗಿನ ಬರ್ತಿನಲ್ಲಿ ಎಡ ಮಗ್ಗುಲಿಗೆ ಮಲಗಿ, ಗಾಡಿ ನಿಂತಲ್ಲಿ ಗಮನಿಸಿ. ತೊಂದರೆಯಾದರೆ ರೈಲಿನೊಳಗಿಂದ 139ಕ್ಕೆ ಫೋನ್ ಮಾಡಿದರೆ ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ವೈದ್ಯರ ನೆರವು ಕೇಳಬಹುದು. ಊರು ಮುಟ್ಟಿದ ಮೇಲೆ ನೆಂಟರು ಬರುವ ಮೊದಲು ಒಂದು ಎಣಿಕೆ ಮುಗಿಸಿ. ಅಲ್ಲಿನ ಆಸ್ಪತ್ರೆಯಲ್ಲಿ ಆ ವಾರವೇ ಹೆಸರು ಹಚ್ಚಿ, ಮುಂಬೈಯ ಫೈಲಿನ ಜೊತೆ ಎಣಿಕೆಯ ಪುಸ್ತಕವನ್ನೂ ಹೊಸ ಡಾಕ್ಟರಿಗೆ ತೋರಿಸಿ, ರಾತ್ರಿ ಫೋನ್ ಮಾಡುವ ನಂಬರ್ ಬರೆಸಿಕೊಂಡು ಬನ್ನಿ.